ಮುಟ್ಟು ತಡವಾಯ್ತಾ? ಕಾರಣ ಹುಡುಕೋದು ಹೀಗೆ

ಮೊದಲು ಎಣಿಕೆ ಸರಿ ಮಾಡಿಕೊಳ್ಳಿ. ಹಿಂದಿನ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸಬೇಕು, ನಿಂತ ದಿನದಿಂದ ಅಲ್ಲ. ದೊಡ್ಡವರಿಗೆ 21ರಿಂದ 35 ದಿನದೊಳಗೆ ಬಂದರೆ ಸರಿಯೇ. ಹೊಸದಾಗಿ ಶುರುವಾದ ಹುಡುಗಿಯರಿಗೆ 45 ದಿನದವರೆಗೂ ಎಳೆಯಬಹುದು. ನಾಲ್ಕೈದು ದಿನ ಆಚೀಚೆ ಆಗಿದ್ದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಗರ್ಭ ನಿಂತಿರುವ ಸಾಧ್ಯತೆ ಚೂರು ಇದ್ದರೂ ಕಿಟ್ ತಂದು ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಇಲ್ಲ ಅಂತ ತೋರಿಸಿ, ಮುಟ್ಟೂ ಬರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ನೋಡಿ.

ಆಗಲೂ ಇಲ್ಲ ಅಂದರೆ ಬೇರೆ ಕಾರಣ ಇದೆ. ಎಲ್ಲರೂ ಈ ವಾರ ಏನಾಯ್ತು ಅಂತ ಯೋಚಿಸುತ್ತಾರೆ, ಅಲ್ವಾ? ನೋಡಬೇಕಾದ್ದು ಇನ್ನೂ ಹಿಂದೆ. ಅಂಡಾಣು ಬಿಡುಗಡೆಯಾಗಿ ಸುಮಾರು ಎರಡು ವಾರಕ್ಕೆ ಮುಟ್ಟು ಬರುತ್ತದೆ, ಆ ಎರಡು ವಾರ ಜಾಸ್ತಿ ಏರುಪೇರಾಗುವುದಿಲ್ಲ. ತಡ ಆಗುವುದು ಸಾಮಾನ್ಯವಾಗಿ ಅಂಡಾಣು ಹೊರಬರುವ ಮುಂಚೆ. ಹಾಗಾಗಿ ಮೂರ್ನಾಲ್ಕು ವಾರದ ಹಿಂದೆ ಜೋರು ಜ್ವರ ಬಂದಿತ್ತಾ, ಪರೀಕ್ಷೆ ಇತ್ತಾ, ನೈಟ್ ಶಿಫ್ಟ್ ಬದಲಾಗಿತ್ತಾ, ಮನೆಯಲ್ಲಿ ಏನಾದರೂ ದುಃಖದ ಸಂಗತಿ ನಡೆದಿತ್ತಾ ಅಂತ ನೆನಪಿಸಿಕೊಳ್ಳಿ. ಒತ್ತಡ ಹೆಚ್ಚಾದಾಗ ಮಿದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಸಂದೇಶವೇ ತಗ್ಗುತ್ತದೆ. ತೂಕ ಇಳಿಸಬೇಕೆಂದು ಊಟ ಕಡಿಮೆ ಮಾಡಿ ಜಿಮ್‌ನಲ್ಲಿ ಬೆವರು ಸುರಿಸಿದರೂ ಇದೇ ಕಥೆ. ಬೇಗ ತೂಕ ಏರಿದರೂ ಲೆಕ್ಕ ತಪ್ಪುತ್ತದೆ.

ಆಮೇಲೆ ಔಷಧಿ ನೋಡಿ. ತುರ್ತು ಗರ್ಭನಿರೋಧಕ ಮಾತ್ರೆ ತಗೊಂಡರೆ ಮುಟ್ಟು ವಾರದಷ್ಟು ಹಿಂದೆಮುಂದೆ ಆಗಬಹುದು. ಮೂರು ತಿಂಗಳಿಗೊಮ್ಮೆ ಹಾಕಿಸುವ ಇಂಜೆಕ್ಷನ್ ನಿಲ್ಲಿಸಿದ ಮೇಲೆ ಸರಿಹೋಗಲು ಒಂದು ವರ್ಷವೂ ಹಿಡಿಯಬಹುದು. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಮುಟ್ಟು ತಡೆಯುತ್ತವೆ; ಹಾಗಂತ ಅವನ್ನು ನೀವಾಗಿಯೇ ಬಿಡಬೇಡಿ. ಎದೆಹಾಲು ಕುಡಿಸುತ್ತಿದ್ದರೂ ತಡವಾಗುತ್ತದೆ.

ಒಂದೇ ತಿಂಗಳಲ್ಲ, ಮತ್ತೆ ಮತ್ತೆ ತಡವಾಗುತ್ತಿದೆಯಾ? ಜೊತೆಗೆ ಮೊಡವೆ, ಗಲ್ಲದ ಮೇಲೆ ಕೂದಲು ಇದ್ದರೆ ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರಬಹುದು, ತೆಳ್ಳಗಿರುವವರಿಗೂ ಬರುತ್ತದೆ. ವಿಪರೀತ ಸುಸ್ತು, ಚಳಿ ತಡೆಯಲಾಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. 45 ವರ್ಷ ದಾಟಿದವರಿಗೆ ಇದು ಮುಟ್ಟು ನಿಲ್ಲುವ ಮುನ್ಸೂಚನೆಯೂ ಇರಬಹುದು.

ಮೂರು ತಿಂಗಳು ಬರದಿದ್ದರೆ, ಇಲ್ಲವೇ 40 ವರ್ಷಕ್ಕೂ ಮುಂಚೆ ನಿಂತಂತೆ ಅನಿಸಿದರೆ ವೈದ್ಯರ ಹತ್ತಿರ ಹೋಗಿ, ಹಿಂದಿನ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ಹೋಗಿ. ಕೆಳಹೊಟ್ಟೆಯಲ್ಲಿ ಒಂದೇ ಕಡೆ ಜೋರು ನೋವು, ತಲೆಸುತ್ತು ಇದ್ದರೆ ಮಾತ್ರ ಕಾಯಬೇಡಿ, ಕಿಟ್ ಏನೇ ತೋರಿಸಲಿ, ಅವತ್ತೇ ಆಸ್ಪತ್ರೆಗೆ ಹೋಗಿ.