ಗದ್ದುಗೆ ಇಲ್ಲದ ಗುರುವಿಗೆ ನಡೆದುಕೊಳ್ಳುವುದು

ನಮ್ಮ ಕಡೆ ಗುರುಗಳು ಲಿಂಗೈಕ್ಯರಾದರೆ ಸಮಾಧಿಯ ಮೇಲೆ ಗದ್ದುಗೆ ಕಟ್ಟುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆ, ತೇರು, ಪ್ರಸಾದ. ಮನಸ್ಸು ಭಾರವಾದಾಗ ಹೋಗಿ ಕಾಯಿ ಒಡೆಸಿ, ಹಣೆ ಮುಟ್ಟಿಸಿ ಬರುತ್ತೇವೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವರು ಅದಕ್ಕೆ ಅವಕಾಶವನ್ನೇ ಇಡಲಿಲ್ಲ. ದೇಹವನ್ನು ಮಣ್ಣಿಗಿಡದೆ ಅಗ್ನಿಗೆ ಕೊಡಿ, ಶ್ರಾದ್ಧದ ವಿಧಿ ಬೇಡ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2, ವೈಕುಂಠ ಏಕಾದಶಿಯ ದಿನ ಹೋದರು. ಮರುದಿನ ಆಶ್ರಮದಲ್ಲೇ ಅಗ್ನಿಗೆ ಕೊಟ್ಟರು.

ಇನ್ನು ನಾನು ಭಕ್ತಿಯಿಂದ ನಡೆದುಕೊಳ್ಳುವುದು ಎಲ್ಲಿಗೆ? ಬಹಳ ದಿನ ಇದೇ ಕಾಡಿತು. ಕೊನೆಗೆ ಅವರು ನಮಗೆ ಕೊಟ್ಟಿದ್ದ ಬೆಳಗಿನ ಹೊತ್ತನ್ನೇ ಹಿಡಿದುಕೊಂಡೆ.

ಒಂದೊಂದು ಊರಲ್ಲಿ ತಿಂಗಳುಗಟ್ಟಲೆ ಅವರ ಬೆಳಗಿನ ಪ್ರವಚನ ನಡೆಯುತ್ತಿತ್ತು. ಚಳಿಯಲ್ಲೂ ಬಯಲು ತುಂಬಾ ಜನ, ಆದರೆ ಒಂದು ಕೆಮ್ಮು ಬಂದರೂ ಕೇಳಿಸುವಷ್ಟು ನಿಶ್ಶಬ್ದ. ಜೇಬಿಲ್ಲದ ಬಿಳಿ ಅಂಗಿ ತೊಟ್ಟು, ಅಲುಗಾಡದೆ ಕುಳಿತು, ಮೆಲ್ಲಗೆ ಮಾತಾಡುತ್ತಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸಿ ಕೈಮುಗಿದು ಏಳುತ್ತಿದ್ದರು.

ಈಗ ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಮೊಬೈಲಿನಲ್ಲಿ ಒಂದು ಪ್ರವಚನ ಹಾಕುತ್ತೇನೆ. ಇವತ್ತೊಂದು ನಾಳೆಯೊಂದು ಅಂತ ಹಾರುವುದಿಲ್ಲ. ಒಂದು ವಿಷಯ ಹಿಡಿದರೆ ಮೊದಲಿಂದ ಕೊನೆವರೆಗೆ ಅದೇ. ಕೇಳುವಾಗ ಬೇರೆ ಕೆಲಸವಿಲ್ಲ, ಚಹಾ ಕೂಡ ಆಮೇಲೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಆಮೇಲೆ ಮನಸ್ಸಿಗೆ ನಾಟಿದ ಒಂದೇ ಒಂದು ಮಾತನ್ನು ನನ್ನ ಭಾಷೆಯಲ್ಲೇ ವಹಿಯಲ್ಲಿ ಬರೆಯುತ್ತೇನೆ. ಜಾಸ್ತಿ ಬರೆದರೆ ಅದು ಬರೀ ನಕಲು ಆಗುತ್ತದೆ. ಚಹಾ ಕೊಡುವಾಗ ಮನೆಯವಳು "ಇವತ್ತೇನ್ ಹೇಳಿದ್ರೀ ಅಪ್ಪಾರು?" ಅಂತ ಕೇಳುತ್ತಾಳೆ. ಅವಳಿಗೆ ಬಿಡಿಸಿ ಹೇಳಲು ಕೂತಾಗಲೇ ನನಗೆ ಎಷ್ಟು ತಿಳಿದಿದೆ ಅನ್ನುವುದು ಗೊತ್ತಾಗುವುದು.

ಗೋಡೆ ಮೇಲೆ ಅವರದೊಂದು ಫೋಟೋ ಇದೆ. ಹಾರ ಹಾಕಿಲ್ಲ. ಊರಲ್ಲಿ ಕೆಲವರು ಪುತ್ಥಳಿಯ ಮಾತು ತೆಗೆದಾಗ ಬೇಡವೇ ಬೇಡ ಅಂದೆ. ಕೆಲವರಿಗೆ ಬೇಸರವಾಯಿತು. ಆದರೆ ಗುರು ಕೈಯಾರೆ ಬರೆದಿಟ್ಟ ಮಾತನ್ನು ಮೀರಿ ಗೌರವ ತೋರಿಸುವುದು ನನಗೆ ಒಪ್ಪುವುದಿಲ್ಲ. ಆ ದುಡ್ಡು ಶಾಲೆಯ ಮಕ್ಕಳ ಪುಸ್ತಕಕ್ಕೆ ಹೋಗಲಿ.

ಜನವರಿಯಲ್ಲಿ ಆಶ್ರಮಕ್ಕೆ ಹೋದರೆ ದಾಸೋಹದಲ್ಲಿ ಬಡಿಸುತ್ತೇನೆ.

ನಿಮಗೂ ಹೀಗೆ ಶುರು ಮಾಡಬೇಕು ಅನಿಸಿದರೆ ಅಲ್ಲಮಪ್ರಭುಗಳ ವಚನಗಳ ಮೇಲಿನ ಪ್ರವಚನದಿಂದ ಆರಂಭಿಸಿ. ಆ ವಚನಗಳನ್ನು ಓದಿದರೆ ಕಷ್ಟ, ನಿಜ. ಅಪ್ಪಾವರ ಬಾಯಲ್ಲಿ ಕೇಳಿದರೆ ಹೊಲದಲ್ಲಿ ದುಡಿಯುವವರಿಗೂ ತಿಳಿಯುತ್ತದೆ.