160 ಕೋಕೋಪೀಟ್ ಇಟ್ಟಿಗೆ, 42 ಮನೆ

ನಮ್ಮದು ತಾರಸಿ ತೋಟ ಮಾಡುವವರ ವಾಟ್ಸಾಪ್ ಗುಂಪು. ಇರುವುದೆಲ್ಲ ಬೆಂಗಳೂರಿನ ಒಂದೇ ದಿಕ್ಕಿನಲ್ಲಿ, ಆದರೂ ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ. ಕೋಕೋಪೀಟ್ ಅಂದರೆ ಕುಂಡಕ್ಕೆ ಹಾಕುವ ತೆಂಗಿನ ನಾರಿನ ಪುಡಿ, ಒತ್ತಿ ಇಟ್ಟಿಗೆ ಮಾಡಿರುತ್ತಾರೆ. ಐದು ಕೆಜಿಯ ಇಟ್ಟಿಗೆಗೆ ನರ್ಸರಿಯಲ್ಲಿ 280 ರೂಪಾಯಿ ಕೊಡುತ್ತಿದ್ದೆವು. ತಿಪಟೂರು ಕಡೆಯ ಒಂದು ನಾರಿನ ಘಟಕದಲ್ಲಿ ಅದೇ ಇಟ್ಟಿಗೆಗೆ 130. "ಎಲ್ಲರೂ ಸೇರಿ ತರಿಸೋಣ್ವಾ?" ಅಂತ ಕೇಳಿದ್ದು ನಾನೇ. ಎರಡೇ ದಿನದಲ್ಲಿ 42 ಮನೆಯವರು 160 ಇಟ್ಟಿಗೆ ಬರೆಸಿದರು. ಗಾಡಿ ಬಾಡಿಗೆ 4,400, ಹಮಾಲಿ 400. ಇಟ್ಟಿಗೆಗೆ 30 ಹಂಚಿ 160 ರೂಪಾಯಿ ಅಂತ ರೇಟ್ ಹಾಕಿದೆ.

ನಿಯಮ ಅಂತ ಒಂದೂ ಇರಲಿಲ್ಲ. "ಬರ್ಕೊಳ್ಳಿ ಮೇಡಂ, ಬಂದ ಮೇಲೆ ಫೋನ್‌ಪೇ ಮಾಡ್ತೀನಿ" ಅಂದವರ ಹೆಸರನ್ನೂ ಸೇರಿಸಿಕೊಂಡೆ. ಗಾಡಿ ಬಂದ ದಿನ ಅವರಲ್ಲಿ ಒಂಬತ್ತು ಜನ ಹಿಂದೆ ಸರಿದರು. 31 ಇಟ್ಟಿಗೆ ಉಳಿಯಿತು. 4,960 ರೂಪಾಯಿ ನನ್ನ ಕೈಯಿಂದ ಹೋಯಿತು. ಸಾಲದ್ದಕ್ಕೆ ಅವತ್ತು ರಾತ್ರಿ ಮಳೆ. ಪಾರ್ಕಿಂಗ್ ಮೂಲೆಯಲ್ಲಿ ಪೇರಿಸಿದ್ದ ಇಟ್ಟಿಗೆಗಳಲ್ಲಿ ಕೆಳಗಿನ ಸಾಲು ನೀರು ಕುಡಿದು ಉಬ್ಬಿ, ಪ್ಲಾಸ್ಟಿಕ್ ಹರಿದು ಹೊರಗೆ ಬಂದಿತ್ತು. ಐದು ಕೆಜಿ ಇಟ್ಟಿಗೆ ನೆನೆದರೆ ಎಪ್ಪತ್ತು ಲೀಟರಿನಷ್ಟು ಪುಡಿ ಆಗುತ್ತದೆ. ಬೆಳಿಗ್ಗೆ ನೋಡಿದರೆ ಕಾರಿನ ಚಕ್ರದ ತನಕ ಹರಡಿತ್ತು.

ಆದರೆ ದುಡ್ಡಿನ ನಷ್ಟ ನನ್ನನ್ನು ಅಷ್ಟು ಕಾಡಲಿಲ್ಲ. ಮೂರು ವಾರದ ನಂತರ ಒಬ್ಬರು ಫೋಟೊ ಕಳಿಸಿದರು. ಬೀನ್ಸ್ ಸಸಿಗಳು. ಎಲೆಯ ಅಂಚು ಸುತ್ತ ಕಂದು ಬಣ್ಣ, ಬೆಂಕಿಗೆ ಹಿಡಿದ ಕಾಗದದ ಹಾಗೆ. "ನೀವೇ ತರಿಸಿದ್ದಲ್ವಾ ಅಕ್ಕಾ?" ಅಂತ ಕೆಳಗೆ ಬರೆದಿದ್ದರು. ನನ್ನ ಬಳಿ ಕುಡಿಯುವ ನೀರು ನೋಡುವ ಟಿಡಿಎಸ್ ಮೀಟರ್ ಇತ್ತು, ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವುದು. ಒಂದು ಬೊಗಸೆ ಪುಡಿ ನೆನೆಸಿ, ಹಿಂಡಿ, ಆ ನೀರಿಗೆ ಮೀಟರ್ ಇಟ್ಟೆ. 1,850. ಬರೀ ನಲ್ಲಿ ನೀರು 210 ತೋರಿಸಿತ್ತು. ಅಂದರೆ ನಾರಿನಲ್ಲಿ ಉಪ್ಪು ಹಾಗೇ ಉಳಿದಿತ್ತು.

ಇದರಲ್ಲಿ ಘಟಕದವರ ತಪ್ಪು ಏನೂ ಇಲ್ಲ. ಅವರು ಫೋನಿನಲ್ಲೇ ಹೇಳಿದ್ದರು: "ತೊಳೆದಿದ್ದು ಬೇಕಾದ್ರೆ 25 ರೂಪಾಯಿ ಜಾಸ್ತಿ ಆಗುತ್ತೆ, ಇದು ತೊಳೀದೇ ಇರೋದು." ನಾನು ಅದನ್ನು ಗುಂಪಿಗೆ ಹೇಳಲೇ ಇಲ್ಲ. ಕಡಿಮೆ ರೇಟ್ ನೋಡಿದರೆ ಎಲ್ಲರಿಗೂ ಖುಷಿ ಆಗುತ್ತದೆ ಅಂದುಕೊಂಡೆ. 42 ಮನೆಯವರು ತೆಗೆದುಕೊಳ್ಳಬೇಕಿದ್ದ ತೀರ್ಮಾನವನ್ನು ನಾನೊಬ್ಬಳೇ ತೆಗೆದುಕೊಂಡಿದ್ದೆ. ಇದನ್ನೇ ಗುಂಪಿನಲ್ಲಿ ಬರೆದೆ, ಕ್ಷಮೆ ಕೇಳಿದೆ. ತೊಳೆಯುವ ಬಗೆಯನ್ನೂ ಹಾಕಿದೆ: ಬಕೆಟಿನಲ್ಲಿ ನೆನೆಸಿ, ಹಳೇ ಪಂಚೆಯಲ್ಲಿ ಹಿಂಡಿ, ಮೂರು ಸಲ ನೀರು ಬದಲಿಸಬೇಕು. ಆಮೇಲೆ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ಕದಡಿದ ನೀರಿನಲ್ಲಿ ಒಂದು ರಾತ್ರಿ ಬಿಟ್ಟು ಇನ್ನೊಮ್ಮೆ ತೊಳೆದರೆ, ನಾರಿಗೆ ಅಂಟಿಕೊಂಡ ಸೋಡಿಯಂ ಕೂಡ ಬಿಡುತ್ತದೆ.

ಎರಡನೇ ಸಲಕ್ಕೆ ಮೊದಲೇ ಒಂದು ಸಂದೇಶ ಬರೆದು ಪಿನ್ ಮಾಡಿದೆ. ದುಡ್ಡು ಬಂದ ಮೇಲೇ ಹೆಸರು ಪಟ್ಟಿಗೆ. ಕೊನೆಯ ದಿನ ಆದ ಮೇಲೆ ಬೇಡ ಅಂದರೆ, ಬದಲಿಗೆ ಒಬ್ಬರನ್ನು ಅವರೇ ಹುಡುಕಿ ಕೊಡಬೇಕು. ಬಿಲ್, ಬಾಡಿಗೆ ರಸೀದಿ, ಮಾರುವವರು ಹೇಳಿದ ಮಾತು, ಮೂರೂ ಗುಂಪಿನಲ್ಲಿ ಇರುತ್ತವೆ. ಏಳು ದಿನದೊಳಗೆ ಬಂದು ಒಯ್ಯಬೇಕು. ದಾರಿಯಲ್ಲಿ ಹಾಳಾದರೆ ಆ ನಷ್ಟ ಎಲ್ಲರಿಗೂ ಸಮ ಪಾಲು, ನನ್ನ ಪಾಲೂ ಸೇರಿ. ಮುಂಗಡ ಕೊಟ್ಟ ಮೇಲೆ ಮಾಲು ಬರದೇ ಹೋದರೂ ಅಷ್ಟೇ. ಇದನ್ನು ಬರೆಯುವಾಗ ಕೈ ತಡೆಯಿತು, ಜನ ಹೆದರಿ ಬಿಟ್ಟುಬಿಟ್ಟರೆ ಅಂತ. ಐದು ಜನ ನಿಜವಾಗಿಯೂ ಬಿಟ್ಟರು. ಅದು ಒಳ್ಳೆಯದೇ ಆಯಿತು. ನಷ್ಟ ತಡೆದುಕೊಳ್ಳಲು ಆಗದವರು ಮೊದಲೇ ಹಿಂದೆ ಸರಿದರಲ್ಲ.

ನನಗೆ ಕಮಿಷನ್ ಇಲ್ಲ ಅಂತಲೂ ಬರೆದೆ. ಶ್ರಮಕ್ಕೆ ದುಡ್ಡು ಕೇಳುವುದು ತಪ್ಪಲ್ಲ. ಆದರೆ ರೇಟಿನೊಳಗೆ ಸುಮ್ನೆ ಸೇರಿಸಿಬಿಟ್ಟರೆ ಅದು ವ್ಯಾಪಾರ ಆಗಿಬಿಡುತ್ತದೆ. ಆಗ ಅಂಗಡಿಯವರನ್ನು ಕೇಳುವ ಹಾಗೆ ನಮ್ಮನ್ನೂ ಕೇಳುವ ಹಕ್ಕು ಗುಂಪಿನವರಿಗಿದೆ.

ನಾವು ಗೆಳೆಯರಲ್ವಾ, ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಅಂತ ಒಬ್ಬರು ನಿವೃತ್ತ ಮೇಷ್ಟ್ರು ಕೇಳಿದರು. "ಸರ್, ಗೆಳೆತನ ಉಳೀಲಿ ಅಂತಾನೇ" ಅಂದೆ. ಮೊದಲ ಸಲ ಹಿಂದೆ ಸರಿದ ಒಂಬತ್ತು ಜನರಲ್ಲಿ ಇಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅದಕ್ಕೆ ಅವರಷ್ಟೇ ನಾನೂ ಕಾರಣ, ಯಾಕೆಂದರೆ ಏನನ್ನೂ ಮೊದಲೇ ಹೇಳಿರಲಿಲ್ಲ.

ಕಳೆದ ವಾರ ಹೊಸ ಲೋಡಿಗೆ ಒಂದು ಸ್ಯಾಂಪಲ್ ಇಟ್ಟಿಗೆ ತರಿಸಿದೆ, ತೊಳೆದದ್ದು. ನೆನೆಸಿ, ಹಿಂಡಿ, ಮೀಟರ್ ಇಟ್ಟೆ. 340. ಮೀಟರಿನ ಫೋಟೊ, ಎರಡೂ ರೇಟು ಗುಂಪಿಗೆ ಹಾಕಿದ್ದೇನೆ. ಯಾವುದು ಬೇಕು ಅಂತ ಭಾನುವಾರದೊಳಗೆ ಅವರೇ ಹೇಳುತ್ತಾರೆ.