ರಂಗೋಲಿ ಪುಡಿಯಲ್ಲಿ ಚಂದ್ರ, ಕೆರೆಗೋಡಿನಲ್ಲಿ ಮಂಗಳ

ಆಕಾಶದ ಕಲ್ಲು ಬಡಿದು ಚಂದ್ರನ ಮೇಲಾದ ಕುಳಿಯ ಮಾದರಿಯನ್ನು, ಟ್ರೇಯಲ್ಲಿ ಪುಡಿ ತುಂಬಿ ಗುಂಡು ಬಿಟ್ಟು, ಎಲ್ಲರೂ ಮಾಡುತ್ತಾರೆ. ಮಂಗಳದ್ದು ಆಗಲ್ಲ, ಕೆಸರು ಸುಮ್ಮನೆ ಸಿಡಿಯುತ್ತದೆ ಅಂತ ಮಂಡ್ಯದ ನಮ್ಮ ಬಳಗದಲ್ಲೇ ಹೇಳಿದರು. ಆಗುತ್ತದೆ. ಈಗ ಎರಡೂ ಟ್ರೇ ಪಕ್ಕಪಕ್ಕ ಇಟ್ಟರೆ ಯಾವುದು ಚಂದ್ರನ ಟೈಕೋ ಕುಳಿ, ಯಾವುದು ಮಂಗಳದ ಯೂಟಿ ಕುಳಿ ಅಂತ ಹತ್ತು ಅಡಿ ದೂರದಿಂದಲೇ ಗೊತ್ತಾಗುತ್ತದೆ.

ಚಂದ್ರನಿಗೆ ಎಂ-ಸ್ಯಾಂಡ್ ತಂದು ದುಡ್ಡು ಕಳೆಯಬೇಡಿ. ಕಾಳು ದಪ್ಪ, ಕಿರಣ (ಕುಳಿಯಿಂದ ಸುತ್ತಲೂ ಚಿಮ್ಮಿದ ಬಿಳಿ ಗೆರೆ) ಮೂಡಲ್ಲ. ಬಿಳಿ ರಂಗೋಲಿ ಪುಡಿ 10 ಕೆಜಿ, ಹೆಚ್ಚೂಕಡಿಮೆ 250 ರೂಪಾಯಿ. 10 ಸೆಂಟಿಮೀಟರ್ ಆಳ ತುಂಬಿ, ಮೇಲೆ ಜರಡಿ ಹಿಡಿದ ಇದ್ದಿಲ ಪುಡಿಯನ್ನು ಬಿಳಿ ಮುಚ್ಚುವಷ್ಟೇ ಉದುರಿಸಿ. ಆಳ ಕಡಿಮೆಯಾದರೆ ಗುಂಡು ತಳಕ್ಕೆ ಬಡಿದು ಕುಳಿ ತಟ್ಟೆಯಂತಾಗುತ್ತದೆ. 16 ಮಿಲಿಮೀಟರಿನ ಬೇರಿಂಗ್ ಗುಂಡು 2 ಮೀಟರಿನಿಂದ ಬಿಟ್ಟರೆ ಸುಮಾರು 7 ಸೆಂಟಿಮೀಟರ್ ಅಗಲದ ಕುಳಿ. ಆಳ ಅಗಲದ ಐದನೇ ಒಂದರಷ್ಟು ಬಂದರೆ ಸರಿ. ಚಂದ್ರನ ಸಣ್ಣ ಕುಳಿಗಳದ್ದೂ ಅದೇ ಲೆಕ್ಕ. ಮತ್ತೆ ಸಮ ಮಾಡುವಾಗ ಟ್ರೇ ಕುಟ್ಟಲೇಬಾರದು. ಪುಡಿ ಕೂತುಬಿಟ್ಟರೆ ಮುಂದಿನ ಕುಳಿ ಅರ್ಧಕ್ಕರ್ಧ ಕುಗ್ಗುತ್ತದೆ. ಫೋರ್ಕಿನಲ್ಲಿ ಕೆದಕಿ, ಸ್ಕೇಲಿನಿಂದ ಒತ್ತದೆ ಎಳೆಯಿರಿ. ಮಳೆಗಾಲದಲ್ಲಿ ಪುಡಿ ಗಂಟು ಕಟ್ಟುತ್ತದೆ, ಒಂದು ದಿನ ಬಿಸಿಲಿಗೆ ಹಾಕಿ.

ಕಷ್ಟವೆಲ್ಲ ಮಂಗಳದ್ದೇ. ಅಲ್ಲಿ ಅನೇಕ ಕುಳಿಗಳ ಸುತ್ತ ಎಸೆದ ಮಣ್ಣು ಕಿರಣವಾಗಿಲ್ಲ, ದಳದಳವಾಗಿ ಹರಿದು ಅಂಚಿನಲ್ಲಿ ದಿಂಡು ಕಟ್ಟಿದೆ. ನೆಲದಡಿಯ ಹಿಮ ಕರಗಿ ಮಣ್ಣಿಗೆ ಬೆರೆತದ್ದೇ ಕಾರಣ ಅನ್ನುವವರು ಹೆಚ್ಚು. ಅದಕ್ಕೇ ಇಲ್ಲಿ ಕೆಸರು ಬೇಕು: ಒಣಗಿದ ಕೆರೆಗೋಡನ್ನು (ಕೆರೆಯ ಹೂಳು ಮಣ್ಣು) ಪುಡಿ ಮಾಡಿ, ಸೋಸಿ, ರಾತ್ರಿಯಿಡೀ ನೆನೆಸಿ. ಅಳತೆ ಹೇಳಿ ಪ್ರಯೋಜನವಿಲ್ಲ, ಒಂದೊಂದು ಕೆರೆಯ ಗೋಡು ಒಂದೊಂದು ಥರ ನೀರು ಕುಡಿಯುತ್ತದೆ. ಅಂಬಲಿಯಷ್ಟು ತೆಳುವಾದರೆ ಕುಳಿ ಮುಚ್ಚಿಹೋಗುತ್ತದೆ, ಮುದ್ದೆಯಷ್ಟು ಗಟ್ಟಿಯಾದರೆ ಬರೀ ತೂತು ಉಳಿಯುತ್ತದೆ. ಇಡ್ಲಿ ಹಿಟ್ಟಿನ ಹದ ಬೇಕು. ಇದನ್ನು ಮಾತ್ರ ಕುಟ್ಟಿ ಕುಟ್ಟಿ ಗುಳ್ಳೆ ಬಿಡಿಸಿ. ಉಳಿದ ಗುಳ್ಳೆ ಒಡೆದು ಸುಳ್ಳು ಕುಳಿಗಳಾಗುತ್ತವೆ. ಬೇಸಿಗೆಯಲ್ಲಿ 20 ನಿಮಿಷಕ್ಕೇ ಕೆನೆ ಕಟ್ಟುತ್ತದೆ, ಒದ್ದೆ ಗೋಣಿ ಹೊದಿಸಿಡಿ.

ಇಲ್ಲಿ ಉಕ್ಕಿನ ಗುಂಡು ಕೆಲಸಕ್ಕೆ ಬಾರದು. ಅದೇ ಗೋಡನ್ನು ತುಸು ಗಟ್ಟಿ ಮಾಡಿ, ನಿಂಬೆಗಾತ್ರದ ಉಂಡೆ ಕಟ್ಟಿ, 3 ಮೀಟರ್ ಎತ್ತರದಿಂದ ನೇರ ಕೆಳಕ್ಕೆ ಬಲವಾಗಿ ಎಸೆಯಬೇಕು. ಹತ್ತರಲ್ಲಿ ಆರೇಳು ಕೂರುತ್ತವೆ. ದಳದ ಅಂಚು ಬಿರಿಯದಿರಲು ಗೋಡಿಗೆ ಇನ್ನೊಂದು ಸಾಮಾನು ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ತೆಳು ಗೋಡನ್ನು ಚೆಲ್ಲಬೇಡಿ. ಗುಂಡು ಬಿಟ್ಟು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿದರೆ ನಡುವೆ ಕಂಬದಂತೆ ಏಳುತ್ತದೆ. ಟೈಕೋ 85 ಕಿಲೋಮೀಟರ್ ಅಗಲ; ಅದರ ನಡುವಿನ ಶಿಖರವೂ ನೆಲ ಹಾಗೆ ಮೇಲೆದ್ದು ನಿಂತದ್ದೇ. ಓರೆಯಾಗಿ ಎಸೆದು ನೋಡಿದಾಗ ಮಾತ್ರ ಟ್ರೇ ದಾರಿ ತಪ್ಪಿಸುತ್ತದೆ: ಇಲ್ಲಿ ಕುಳಿ ಉದ್ದವಾಗುತ್ತದೆ, ನಿಜದಲ್ಲಿ ಬಹುತೇಕ ದುಂಡಗೇ ಇರುತ್ತದೆ. ನಮ್ಮ ಗುಂಡಿನ ವೇಗ ಸೆಕೆಂಡಿಗೆ 6 ಮೀಟರ್, ಅಲ್ಲಿ ಹತ್ತಾರು ಕಿಲೋಮೀಟರ್. ಅದು ಬಡಿತವಲ್ಲ, ಸ್ಫೋಟ.

ಫೋಟೋಗೆ ಟಾರ್ಚನ್ನು ಎಡ ಮೇಲ್ಗಡೆಯಿಂದ ತಗ್ಗಾಗಿ ಹಿಡಿಯಿರಿ, ಕೆಳಗಿನಿಂದ ಬೆಳಕು ಬಿದ್ದರೆ ಕುಳಿ ಗುಡ್ಡದಂತೆ ಕಾಣುತ್ತದೆ. ಶುಕ್ರದ ಟ್ರೇ ಮಾಡುವವರು ಸಣ್ಣ ಗುಂಡು ಬಿಡಲೇಬೇಡಿ. ಅಲ್ಲಿನ ದಟ್ಟ ಗಾಳಿ ಸಣ್ಣ ಕಲ್ಲುಗಳನ್ನು ನೆಲ ಮುಟ್ಟಲು ಬಿಡುವುದಿಲ್ಲ, 2-3 ಕಿಲೋಮೀಟರಿಗಿಂತ ಚಿಕ್ಕ ಕುಳಿ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ.